ಒಂದು ಮಾತೂ ಹೇಳದೆ ಕೀ ಕೊಡಬಹುದಾ?

ನಮ್ಮ ಕಡೆ ಒಂದು ಮಾತಿದೆ, "ನಡೀತದೆ ಬುಡಿ" ಅಂತ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಈ ನಾಲ್ಕೂ ತಾಲ್ಲೂಕಿನಲ್ಲಿ ಈ ಮಾತು ಕಿವಿಗೆ ಬೀಳದೆ ಒಂದು ದಿನ ಕಳೆಯೋದು ಕಷ್ಟ. ಪಂಪ್‌ಸೆಟ್ಟಿನ ಸ್ಟಾರ್ಟರ್ ಗುಂಡಿ ನಿಲ್ಲದಿದ್ದರೆ ಒಂದು ಕಡ್ಡಿ ಸಿಕ್ಕಿಸಿ, ನಡೀತದೆ. ರೇಷ್ಮೆ ಹುಳುವಿನ ಚಂದ್ರಿಕೆಯ ಬಿದಿರು ಕಿತ್ತುಬಂದರೆ ತಂತಿ ಸುತ್ತಿ, ನಡೀತದೆ. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿಯಾದರೂ, ಪಂಕ್ತಿ ಕೂತಾಗಿದೆ, ನಡೀತದೆ ಬುಡಿ.

ಈ ಮಾತನ್ನು ಹೀಯಾಳಿಸೋ ಉದ್ದೇಶ ನನಗಿಲ್ಲ. ಹೊಸದು ಕೊಳ್ಳಲು ಕಾಸಿಲ್ಲದವರು, ಇದ್ದದ್ದರಲ್ಲೇ ಸಂಸಾರ ಸಾಗಿಸಿದವರು ಕಟ್ಟಿಕೊಂಡ ಮಾತು ಅದು. ಆ ಮಾತಿಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಹತ್ತುತ್ತಿರಲಿಲ್ಲ. ಆದರೆ ಅದರೊಳಗಿರೋ ಕ್ರಿಯಾಪದವನ್ನು ಸ್ವಲ್ಪ ನೋಡಿ. ನಡೆಯುವುದು. ವಸ್ತು ನಡೆಯುತ್ತದೋ ಇಲ್ಲವೋ, ಅಷ್ಟೇ ಅಲ್ಲಿರೋ ಪ್ರಶ್ನೆ. ಹಾಗಾದರೆ ನಿಲ್ಲಿಸುವುದೇ ಯಾವುದರ ಕೆಲಸವೋ ಅಂಥ ವಸ್ತುವಿನ ಬಗ್ಗೆ "ನಡೀತದೆ ಬುಡಿ" ಅನ್ನಬಹುದಾ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಕೆಂಗಲ್‌ನಲ್ಲಿರೋ ನನ್ನ ಅಕ್ಕನ ಮಗ ಕಟ್ಟಿದ ಒಂದು ಕಾರಿನ ದೆಸೆಯಿಂದ.

ಕೆಂಗಲ್ ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಲ್ಲಿ ರಾಮನಗರ ದಾಟಿದ ಮೇಲೆ, ಚನ್ನಪಟ್ಟಣ ಸಿಗೋ ಮುಂಚೆ, ಆಂಜನೇಯನ ಗುಡಿ ಇರೋ ಊರು. ಹಳಬರ ಬಾಯಲ್ಲಿ ಅಯ್ಯನಗುಡಿ. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ದನಗಳ ಜಾತ್ರೆ ಸೇರುತ್ತೆ. ನಮ್ಮ ಸೀಮೆಯ ಹೆಮ್ಮೆಯಾದ ಹಳ್ಳಿಕಾರ್ ಎತ್ತುಗಳು ಸಾಲಾಗಿ ನಿಂತಿರುತ್ತವೆ. 2023ರ ಮಾರ್ಚ್ 12ರಂದು ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ದೂರದ ಕಾರುಗಳೆಲ್ಲ ಬೈಪಾಸಿನಲ್ಲಿ ಹೋಗುತ್ತವೆ. ಅದೇ ವರ್ಷ ಆಗಸ್ಟ್ 1ರಿಂದ ಆ ಹೊಸ ರಸ್ತೆಯ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳು ಬರಕೂಡದು ಅಂತಾಯ್ತು. ಹಾಗಾಗಿ ಗುಡಿಯ ಮುಂದಿನ ಹಳೇ ರಸ್ತೆಯಲ್ಲಿ ಈಗ ಇರೋದು ನಮ್ಮಂಥವರೇ. ಹುಲ್ಲು ಹೊತ್ತ ಟ್ರ್ಯಾಕ್ಟರು, ಮೂವರನ್ನು ಕೂರಿಸಿಕೊಂಡ ಟಿವಿಎಸ್, ಸ್ಕೂಲು ಬಿಟ್ಟ ಮಕ್ಕಳು, ಎಲ್ಲೆಂದರಲ್ಲಿ ರಸ್ತೆ ದಾಟೋ ಅಜ್ಜಿಯರು. ಈ ಅಜ್ಜಿಯರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತಾರೆ.

ಹುಡುಗ ಓದಿರೋದು ಮೆಕ್ಯಾನಿಕಲ್ ಡಿಪ್ಲೊಮಾ. ಕಾಲೇಜಿನಲ್ಲಿದ್ದಾಗ ಅವನಿಗೆ ಬಾಹಾ ಸ್ಪರ್ಧೆಯ ಹುಚ್ಚು ಹಿಡಿಯಿತು. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪೈಪು ಬೆಸೆದು, ಒಬ್ಬರೇ ಕೂರೋ ಗಾಡಿ ತಾವೇ ಕಟ್ಟಿ, ಕಲ್ಲು ಗುಂಡಿಗಳ ಮೇಲೆ ಓಡಿಸೋ ಸ್ಪರ್ಧೆ ಅದು. ನಮ್ಮ ದೇಶದಲ್ಲಿ 2007ರಲ್ಲಿ ಮಧ್ಯಪ್ರದೇಶದ ಪೀತಂಪುರದಲ್ಲಿ ಶುರುವಾಯ್ತು. ಇವನಿಗೆ ಅಲ್ಲಿಗೆ ಹೋಗೋ ಯೋಗ ಬರಲಿಲ್ಲ. ಬದಲಿಗೆ ಮನೆಯ ಪಕ್ಕದ ಮಾವಿನ ತೋಪಿನ ಶೆಡ್ಡಿನಲ್ಲಿ ತನ್ನದೇ ಒಂದನ್ನು ಕಟ್ಟೋಕೆ ನಿಂತ. ಗುಜರಿಗೆ ಬಿದ್ದಿದ್ದ ಹಳೇ ಮಾರುತಿ 800ರ ಇಂಜಿನ್ನು, ಗೇರ್‌ಬಾಕ್ಸು, ಚಕ್ರಗಳ ಹಬ್ಬು, ಬ್ರೇಕು. ಚೌಕಟ್ಟು ಮಾತ್ರ ಸ್ವಂತದ್ದು, ಕಬ್ಬಿಣದ ಪೈಪು ಬಾಗಿಸಿ ಬೆಸೆದದ್ದು. ಎರಡು ವರ್ಷ ಹಿಡೀತು. ನೋಡೋಕೆ ಹಂದರ ಹಾಕಿದ ಮಂಚದ ಹಾಗಿತ್ತು. ಆದರೆ ಓಡಿತು! ತೋಪಿನ ಮರಗಳ ನಡುವೆ ಅದು ಮೊದಲ ಸುತ್ತು ಬಂದಾಗ ಅಕ್ಕ ಕೊಟ್ಟಿಗೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಚಿನ್ನದ ಓಲೆಯೂ ಒಂದಷ್ಟು ಅದರೊಳಗೆ ಸೇರಿತ್ತು.

ಓಡಿತು, ಸರಿ. ನಿಲ್ಲೋ ವಿಷಯಕ್ಕೆ ಬಂದಾಗ ತಕರಾರು.

ಕಾಲಿನ ಬ್ರೇಕು ಕೆಲಸ ಮಾಡೋ ರೀತಿ ಸರಳ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಒಳಗಿನ ಪಿಸ್ಟನ್ ಬ್ರೇಕ್ ಆಯಿಲನ್ನು ನೂಕುತ್ತೆ. ದ್ರವವನ್ನು ಎಷ್ಟೇ ಒತ್ತಿದರೂ ಅದು ಕುಗ್ಗೋದಿಲ್ಲ ಅಂದರೆ ತಪ್ಪಾಗಲಾರದು. ಹಾಗಾಗಿ ಆ ಒತ್ತಡ ಸಣ್ಣ ಪೈಪುಗಳಲ್ಲಿ ಹಾದು ನಾಲ್ಕೂ ಚಕ್ರಕ್ಕೆ ಮುಟ್ಟುತ್ತೆ. ಮುಂದೆ ಡಿಸ್ಕನ್ನು ಪ್ಯಾಡುಗಳು ಹಿಡಿಯುತ್ತವೆ, ಹಿಂದೆ ಡ್ರಮ್ಮನ್ನು ಒಳಗಿನಿಂದ ಶೂಗಳು ಒತ್ತುತ್ತವೆ. ಹದಿನೇಳನೇ ಶತಮಾನದ ಪಾಸ್ಕಲ್ ಹೇಳಿದ ನಿಯಮ. ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ 1921ರಲ್ಲೇ ನಾಲ್ಕೂ ಚಕ್ರಕ್ಕೆ ಬಂದ ಏರ್ಪಾಡು. ನೂರು ವರ್ಷ ದಾಟಿದರೂ ಮೂಲ ಬದಲಾಗಿಲ್ಲ.

ಇದಕ್ಕೆ ಒಂದೇ ವೈರಿ, ಗಾಳಿ. ಸೂಜಿ ಇಲ್ಲದ ಒಂದು ಸಿರಿಂಜಿಗೆ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ, ಅಲುಗೋದಿಲ್ಲ. ಗಾಳಿ ತುಂಬಿ ಒತ್ತಿ ನೋಡಿ, ಅರ್ಧಕ್ಕೆ ಹೋಗುತ್ತೆ, ಬಿಟ್ಟರೆ ವಾಪಸ್ ಬರುತ್ತೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಇದ್ದರೆ ನಿಮ್ಮ ಕಾಲಿನ ಶ್ರಮವೆಲ್ಲ ಆ ಗುಳ್ಳೆಯನ್ನು ಕುಗ್ಗಿಸೋದಕ್ಕೇ ಖರ್ಚಾಗಿ, ಚಕ್ರಕ್ಕೆ ಸಿಗೋದು ಉಳಿದ ಚೂರು. ಪೆಡಲ್ ಮೆತ್ತಗೆ, ಒದ್ದೆ ಹಾಸಿಗೆ ತುಳಿದ ಹಾಗೆ ಇರುತ್ತೆ. ನಮ್ಮ ಮೆಕ್ಯಾನಿಕ್‌ಗಳು ಇದಕ್ಕೆ "ಏರ್ ಹಿಡಿದಿದೆ" ಅಂತಾರೆ.

ಪೆಡಲ್ಲಿಗೂ ಒಂದು ನಾಡಿ ಇದೆ, ಹಿಡಿದು ನೋಡಬೇಕು. ಒತ್ತಿ ಹಿಡಿದುಕೊಂಡಾಗ ನಿಧಾನಕ್ಕೆ ಕೆಳಗಿಳೀತಾ ಇದ್ದರೆ ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸೋತಿದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ತುಳಿದ ಮೇಲೆ ಮೇಲೇ ಗಟ್ಟಿಯಾಗಿ ನಿಂತರೆ ಹಿಂದಿನ ಶೂಗಳಿಗೂ ಡ್ರಮ್ಮಿಗೂ ಅಂತರ ಜಾಸ್ತಿಯಾಗಿದೆ, ಅಡ್ಜಸ್ಟ್ ಮಾಡಬೇಕು. ತುಳಿದು ತುಳಿದು ಮೇಲೆ ಬಂದರೂ ಸ್ಪ್ರಿಂಗಿನ ಹಾಗೆ ಪುಟಿದರೆ ಅದು ಗಾಳಿ. ಕಾರು ಒಂದು ಪಕ್ಕಕ್ಕೆ ಎಳೆದರೆ ಒಂದು ಚಕ್ರದ ಬ್ರೇಕು ಸಿಕ್ಕಿಹಾಕಿಕೊಂಡಿರಬಹುದು, ಅಥವಾ ಪ್ಯಾಡಿಗೆ ಎಣ್ಣೆ ಮೆತ್ತಿರಬಹುದು. ಕಾಯಿಲೆ ಒಂದೊಂದಕ್ಕೂ ಬೇರೆ ಬೇರೆ ಮದ್ದು. ಅವನ ಕಾರಿನದ್ದು ಪುಟಿಯೋ ಪೆಡಲ್ಲು.

ನಾನು ಭಾನುವಾರ ಕೆಂಗಲ್‌ಗೆ ಹೋದಾಗ ಹುಡುಗ ಹೇಳಿದ ಮಾತು ಇದು: "ಮಾವ, ಎರಡು ಸಲ ಪಂಪ್ ಮಾಡಿದ್ರೆ ಹಿಡೀತದೆ. ಅಭ್ಯಾಸ ಆಗೋಗದೆ. ನಡೀತದೆ ಬುಡಿ."

ಅವನು ಸುಳ್ಳು ಹೇಳಲಿಲ್ಲ. ಎರಡು ಸಲ ತುಳಿದರೆ ಹಿಡಿಯುತ್ತಿತ್ತು. ಅವನ ಕಾಲಿಗೆ ಅದು ಎಷ್ಟು ಒಗ್ಗಿತ್ತು ಅಂದರೆ ಮೊದಲ ತುಳಿತವನ್ನು ಅವನೇ ಲೆಕ್ಕಕ್ಕೆ ಇಟ್ಟುಕೊಳ್ಳೋದನ್ನು ಬಿಟ್ಟಿದ್ದ. ನನಗೆ ಮುಖ್ಯ ಅನಿಸಿದ್ದು ಇದೇ. ದೋಷವಿರೋ ವಸ್ತುವಿನ ಜೊತೆ ಬಾಳಿದವನಿಗೆ ಆ ದೋಷ ದೋಷದ ಹಾಗೆ ಕಾಣೋದು ನಿಂತುಹೋಗುತ್ತೆ. ಅದು ಒಂದು ಕೌಶಲದ ಹಾಗೆ ಕಾಣೋಕೆ ಶುರುವಾಗುತ್ತೆ. "ನನ್ನ ಗಾಡಿ ನನಗೇ ಗೊತ್ತು" ಅನ್ನೋದರಲ್ಲಿ ಒಂದು ಹೆಮ್ಮೆ ಬೇರೆ. ಎಳೆದು ಎತ್ತಿದರೆ ಮಾತ್ರ ತೆರೆಯೋ ಬಾಗಿಲು, ಒದ್ದರೆ ಮಾತ್ರ ಹತ್ತೋ ಮೋಟಾರು, ಎಲ್ಲರ ಮನೆಯಲ್ಲೂ ಇವೆ. ಬಾಗಿಲಿನ ವಿಷಯದಲ್ಲಿ ಅದು ತಮಾಷೆ. ಬ್ರೇಕಿನ ವಿಷಯದಲ್ಲಿ?

ಲೆಕ್ಕ ಹಾಕೋಣ. ಎರಡನೇ ಸಲ ತುಳಿದು ಬ್ರೇಕ್ ಹಿಡಿಸಲು ಒಂದು ಸೆಕೆಂಡ್ ಹೆಚ್ಚು ಬೇಕು ಅಂತಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 11 ಮೀಟರ್ ಮುಂದೆ ಹೋಗಿರುತ್ತೆ. 60ರಲ್ಲಿ ಸುಮಾರು 17 ಮೀಟರ್. 11 ಮೀಟರ್ ಅಂದರೆ ಎತ್ತು ಕಟ್ಟಿದ ಗಾಡಿಗಳು ಹತ್ತಿರ ಹತ್ತಿರ ಎರಡು ಒಂದರ ಹಿಂದೊಂದು ನಿಂತಷ್ಟು ಜಾಗ. ಆ ಜಾಗ ಯಾರದ್ದು? ಕಾರು ಕಟ್ಟಿದವನದ್ದಲ್ಲ. ರಸ್ತೆ ದಾಟುತ್ತಿರೋ ಆ ಅಜ್ಜಿಯದ್ದು. ಅವನ ಕಾರಿನ ಗುಟ್ಟು ಅವನ ಕಾಲಿಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ. ಬರ್ತಾ ಇರೋ ಕಾರಿಗೆ ಬ್ರೇಕಿದೆ ಅಂತ ನಂಬಿಯೇ ಆಕೆ ಹೆಜ್ಜೆ ಇಟ್ಟಿರೋದು.

ಅಪಾಯದ ವಿಷಯದಲ್ಲಿ ಮೂರು ಥರದ ಜನ ಇರ್ತಾರೆ ಅಂತ ನನ್ನ ಅನಿಸಿಕೆ. ಒಂದು, ಅಪಾಯ ಗೊತ್ತಿದ್ದು ತಾನೇ ಒಪ್ಪಿಕೊಂಡವನು. ತೋಪಿನಲ್ಲಿ ಒಬ್ಬನೇ ಓಡಿಸೋ ನಮ್ಮ ಹುಡುಗ ಅಂಥವನು. ಮರಕ್ಕೆ ಗುದ್ದಿ ಹಲ್ಲು ಮುರಿದುಕೊಂಡರೆ ಅಕ್ಕ ಅಳಬಹುದು, ಆದರೆ ಅನ್ಯಾಯ ಅನ್ನೋಕಾಗೋದಿಲ್ಲ. ಎರಡು, ಪಕ್ಕದಲ್ಲಿ ಕೂರೋ ಗೆಳೆಯ. ಅವನಿಗೆ ಹೇಳಿ ಕೂರಿಸಿಕೊಳ್ಳಬಹುದು, ಬೇಡ ಅನ್ನೋ ಅವಕಾಶ ಅವನಿಗುಂಟು. ಮೂರನೆಯವರು ರಸ್ತೆಯಲ್ಲಿರೋರು. ಅವರನ್ನು ಯಾರೂ ಕೇಳಿಲ್ಲ, ಕೇಳೋಕೆ ಆಗೋದೂ ಇಲ್ಲ. ಕೇಳಲಾಗದವರ ಪಾಲಿನ ಒಪ್ಪಿಗೆಯನ್ನು ನಾವೇ ಸಹಿ ಹಾಕಿಕೊಳ್ಳೋದು ಸರಿಯಾ? ಬ್ರೇಕಿನ ನೀತಿಯೆಲ್ಲ ಈ ಮೂರನೆಯವರದ್ದೇ ಅಂತ ನನಗನಿಸುತ್ತೆ.

ಚನ್ನಪಟ್ಟಣದ ಬೊಂಬೆಗಳನ್ನು ನೋಡಿ. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡಿದ ಕಾರು, ರೈಲು. ಚಕ್ರ ಎಷ್ಟು ನುಣುಪು ಅಂದರೆ ಒಂದು ಸಲ ನೂಕಿದರೆ ಇಡೀ ಹಜಾರ ದಾಟುತ್ತೆ. ಅದಕ್ಕೆ ಬ್ರೇಕಿಲ್ಲ, ಬೇಕಾಗೂ ಇಲ್ಲ. ಗೋಡೆಗೆ ಗುದ್ದಿದರೆ ಮಗು ಇನ್ನೂ ಜೋರಾಗಿ ನಗುತ್ತೆ. ಇಂಜಿನ್ನು, ಸ್ಟೇರಿಂಗು, ಸೀಟು ಎಲ್ಲ ಹಾಕಿದರೂ ಬ್ರೇಕು ಹಿಡಿಯೋವರೆಗೂ ಶೆಡ್ಡಿನಲ್ಲಿರೋದು ದೊಡ್ಡದೊಂದು ಬೊಂಬೆ ಅಷ್ಟೇ. ಹಾಗಂತ ಹುಡುಗನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು. ಬರಲಿ ಅಂತಲೇ ಹೇಳಿದ್ದು.

"ಸರಿ, ಇವತ್ತು ಏರ್ ತೆಗೆದೇ ಬಿಡಾಣ, ನೀವು ಪೆಡಲ್ ತುಳೀರಿ" ಅಂದ.

ಏರ್ ತೆಗೆಯೋದು ಇಬ್ಬರ ಕೆಲಸ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡೋದು ವಾಡಿಕೆ. ನಮ್ಮ ದೇಶದಲ್ಲಿ ಡ್ರೈವರ್ ಬಲಗಡೆ ಇರೋದರಿಂದ ಸಾಮಾನ್ಯವಾಗಿ ಹಿಂದಿನ ಎಡ ಚಕ್ರ ಮೊದಲು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಕಾರುಗಳಿಗೆ ಕಂಪನಿಯವರು ಬೇರೆ ಕ್ರಮ ಹೇಳಿರ್ತಾರೆ, ಅದನ್ನೇ ಪಾಲಿಸಬೇಕು. ಪ್ರತಿ ಚಕ್ರದ ಹತ್ತಿರ ಒಂದು ನಿಪ್ಪಲ್ ಇರುತ್ತೆ. ಅದಕ್ಕೆ ಸಣ್ಣ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಹಾಕಿದ ಬಾಟಲಿಯಲ್ಲಿ ಮುಳುಗಿಸಬೇಕು. ಮೇಲೆ ಕೂತವನು ಪೆಡಲ್ ಒತ್ತಿ ಹಿಡೀಬೇಕು. ಕೆಳಗೆ ಮಲಗಿದವನು ಸ್ಪ್ಯಾನರಿನಿಂದ ನಿಪ್ಪಲ್ ಸಡಿಲಿಸಬೇಕು. ಬುಳುಬುಳು ಅಂತ ಗುಳ್ಳೆ ಬರುತ್ತೆ. ಪೆಡಲ್ ತಳ ಮುಟ್ಟುತ್ತೆ. ಕೆಳಗಿನವನು ನಿಪ್ಪಲ್ ಬಿಗಿ ಮಾಡಿದ ಮೇಲಷ್ಟೇ ಮೇಲಿನವನು ಕಾಲೆತ್ತಬೇಕು. ಮೊದಲೇ ಎತ್ತಿದರೆ ಹೊರಗೆ ಹೋದ ಗಾಳಿ ಅದೇ ದಾರಿಯಲ್ಲಿ ವಾಪಸ್ ಒಳಗೆ ಬರುತ್ತೆ. ನಡುನಡುವೆ ಡಬ್ಬಿಯಲ್ಲಿ ಆಯಿಲ್ ತೀರದ ಹಾಗೆ ನೋಡ್ಕೊಬೇಕು, ಖಾಲಿಯಾದರೆ ಮತ್ತೆ ಮೊದಲಿನಿಂದ. ಬಾಟಲಿಗೆ ಬಿದ್ದ ಆಯಿಲನ್ನು ಉಳಿತಾಯ ಅಂತ ಮತ್ತೆ ಸುರಿಯಬಾರದು. ಈ ಆಯಿಲು ಗಾಳಿಯಲ್ಲಿರೋ ತೇವವನ್ನು ಹೀರುತ್ತೆ. ಡಾಟ್ 3 ಅನ್ನೋ ದರ್ಜೆಯದ್ದು ಹೊಸದಿದ್ದಾಗ ಕುದಿಯೋದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿಗೆ. ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯಬಹುದು. ಇಳಿಜಾರಿನಲ್ಲಿ ಬ್ರೇಕು ಕಾದಾಗ ಅದು ಒಳಗೇ ಕುದ್ದು ಆವಿಯಾದರೆ ಅದೂ ಗಾಳಿಯಿದ್ದ ಹಾಗೇ.

"ಒತ್ತಿ ಮಾವ." "ಒತ್ತಿದೀನಿ." "ಹಿಡ್ಕೊಳಿ… ಹಿಡ್ಕೊಳಿ… ಬುಡಿ." ಮಧ್ಯಾಹ್ನವೆಲ್ಲ ಇದೇ ಮಂತ್ರ.

ಈ ಕೆಲಸದ ಸ್ವಭಾವ ಸ್ವಲ್ಪ ಗಮನಿಸಿ. ಮೇಲಿರೋನಿಗೆ ನಿಪ್ಪಲ್ ಕಾಣೋದಿಲ್ಲ, ಕೆಳಗಿರೋನಿಗೆ ಪೆಡಲ್ ಕಾಣೋದಿಲ್ಲ. ಇಬ್ಬರ ನಡುವೆ ಇರೋದು ಬರೀ ಮಾತು. ಒತ್ತದೇ "ಒತ್ತಿದೀನಿ" ಅಂದರೆ, ಬಿಗಿ ಮಾಡದೇ "ಬುಡಿ" ಅಂದರೆ, ಕೆಲಸ ಮಾಡಿದ ಹಾಗೂ ಆಗುತ್ತೆ, ಗಾಳಿ ಒಳಗೆ ಉಳಿದೂ ಇರುತ್ತೆ. ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು ಅನ್ನೋ ಮರ್ಯಾದೆ ಅಲ್ಲಿ ಲೆಕ್ಕಕ್ಕಿಲ್ಲ. "ಮಾವ, ಬೇಗ ಬುಟ್ರಿ, ಇನ್ನೊಂದ್ಸಲ" ಅಂತ ಅವನು ಹೇಳಬೇಕಾದರೆ ಹೇಳಲೇಬೇಕು. ಸಂಕೋಚಕ್ಕೆ ಸುಮ್ಮನಿದ್ದರೆ ಆ ಸಂಕೋಚದ ಬೆಲೆ ತೆರೋದು ಮತ್ತದೇ ಮೂರನೆಯವರು.

ನಾಲ್ಕು ಚಕ್ರ, ಮೂರು ಸುತ್ತು, ಎರಡು ಡಬ್ಬಿ ಆಯಿಲು. ಬಾಟಲಿಯಲ್ಲಿ ಗುಳ್ಳೆ ಬರೋದು ನಿಂತಿತು. ಪೆಡಲ್ ಮಾತ್ರ ಹಾಗೇ ಪುಟಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಮನಸ್ಸು ಏನು ಹೇಳುತ್ತೆ ಗೊತ್ತಲ್ಲ. ಗುಳ್ಳೆ ನಿಂತಿದೆ, ಪುಸ್ತಕದಲ್ಲಿ ಹೇಳಿದ್ದೆಲ್ಲ ಮಾಡಿಯಾಗಿದೆ, ಕತ್ತಲಾಗ್ತಾ ಇದೆ. ಇನ್ನೇನು? ಶ್ರಮಪಟ್ಟಿದ್ದೇವೆ ಅನ್ನೋದನ್ನೇ ನಾವು ಸಾಕ್ಷಿ ಮಾಡಿಕೊಳ್ಳೋಕೆ ಹೊರಡ್ತೀವಿ. ಮೈಮುರಿದು ದುಡಿದವನಿಗೆ ಫಲ ಸಿಗಬೇಕು ಅನ್ನೋದು ನ್ಯಾಯವಾದ ಆಸೆಯೇ. ಆದರೆ ನಾವು ಎಷ್ಟು ಬೆವರು ಸುರಿಸಿದ್ವಿ ಅನ್ನೋದು ಪೆಡಲ್ಲಿಗೆ ಗೊತ್ತಿಲ್ಲ.

ಹುಡುಗ ಚನ್ನಪಟ್ಟಣದಿಂದ ಒಬ್ಬ ಹಳೇ ಮೆಕ್ಯಾನಿಕ್‌ನ ಕರೆದುಕೊಂಡು ಬಂದ. ಎಲ್ಲರೂ ಅವರನ್ನ ಭಾಯ್ ಅಂತಲೇ ಕರೆಯೋದು. ಅವರು ಪೆಡಲ್ಲನ್ನು ಕಾಲಿನಲ್ಲಿ ಮುಟ್ಟಲೂ ಇಲ್ಲ, ಕೈಯಲ್ಲೊಂದು ಸಲ ಒತ್ತಿದರು. ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಬಿಟ್ಟರು.

"ಗಾಳಿ ಎಲ್ಲಿ ಇರ್ತದಪ್ಪ?"

"ಮೇಲೆ ಭಾಯ್."

"ನಿಪ್ಪಲ್ ಎಲ್ಲೈತೆ?"

ಹುಡುಗ ಬಗ್ಗಿ ನೋಡಿದ. ಮಾತಾಡಲಿಲ್ಲ. ಡಿಸ್ಕನ್ನು ಹಿಡಿಯೋ ಕ್ಯಾಲಿಪರನ್ನು ತನ್ನ ಚೌಕಟ್ಟಿಗೆ ಹೊಂದಿಸೋವಾಗ ಅವನು ಅದನ್ನು ಡಿಸ್ಕಿನ ಹಿಂಬದಿಯಿಂದ ಮುಂಬದಿಗೆ ತಂದಿದ್ದ. ಹಾಗೆ ತಂದಾಗ ಅದು ತಲೆಕೆಳಗಾಗಿ, ನಿಪ್ಪಲ್ ಕೆಳಕ್ಕೆ ಬಂದಿತ್ತು. ಎಷ್ಟು ಸಲ ಆಯಿಲ್ ಹೊರಗೆ ಬಿಟ್ಟರೂ ಮೇಲಿನ ಮೂಲೆಯಲ್ಲಿ ಕೂತ ಗಾಳಿಯ ಗುಳ್ಳೆ ಅಲ್ಲೇ ಕೂತಿತ್ತು. ನಾವು ನೂರು ಸುತ್ತು ಮಾಡಿದ್ದರೂ ಅದು ಹೋಗುತ್ತಿರಲಿಲ್ಲ.

"ಬಾಗ್ಲು ಕೆಳಗೆ ಮಡಗಿ, ಮಹಡಿ ಮೇಲಿರೋನ್ನ ಆಚೆಗೆ ಹೋಗು ಅಂದ್ರೆ ಹೆಂಗ್ ಹೋಯ್ತಾನೆ?" ಅಂತ ಭಾಯ್ ನಕ್ಕರು. ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಾಯಿಸಿದರು. ನಿಪ್ಪಲ್‌ಗಳು ಮೇಲೆ ಬಂದವು. ಪೈಪು ಕಳಚಿದ್ದರಿಂದ ಮತ್ತೆ ಏರ್ ತೆಗೆಯೋ ಕೆಲಸ. ಮುಂದಿನ ಎಡಚಕ್ರದಲ್ಲಿ ಬಾಟಲಿಯೊಳಗೆ ದ್ರಾಕ್ಷಿ ಗಾತ್ರದ ಗುಳ್ಳೆ ಬುಳಕ್ ಅಂತ ಬಂತು. ನನ್ನ ಕಾಲ ಕೆಳಗೆ ಪೆಡಲ್ ಕಲ್ಲಾಯಿತು.

ಆ ಗುಳ್ಳೆಯನ್ನು ನೋಡಿದಾಗಿನಿಂದ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಕೆಲವು ತೊಂದರೆಗಳು ಇನ್ನಷ್ಟು ಶ್ರಮದಿಂದ ಹೋಗೋದಿಲ್ಲ, ಯಾಕಂದರೆ ಅವು ಹೊರಗೆ ಹೋಗೋ ದಾರಿಯನ್ನೇ ನಾವು ತಪ್ಪು ಜಾಗದಲ್ಲಿ ಇಟ್ಟಿರ್ತೀವಿ. ಒಂದು ಮನೆಯಲ್ಲಿ ದೂರು ಇರೋದು ಸೊಸೆಯ ಹತ್ತಿರ, ಮಾತಾಡೋ ಹಕ್ಕಿರೋದು ಅತ್ತೆ ಮಾವನಿಗೆ. ಒಂದು ಆಫೀಸಿನಲ್ಲಿ ಏನು ಕೆಟ್ಟಿದೆ ಅಂತ ಗೊತ್ತಿರೋದು ಕೆಲಸ ಮಾಡೋನಿಗೆ, ಸಭೆಯಲ್ಲಿ ಕೂರೋದು ಇನ್ಯಾರೋ. ವರ್ಷಕ್ಕೊಂದು ಸಲ "ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿ" ಅಂತ ಸಭೆ ಮಾಡಿ, ಏನೂ ಬರಲಿಲ್ಲ, ಎಲ್ಲ ಸರಿಯಿದೆ ಅಂತ ಬರೆದುಕೊಳ್ತಾರೆ. ಕೆಂಗಲ್‌ಗೆ ಹತ್ತಿರದ ಬಿಡದಿಯಲ್ಲಿ ಕಾರ್ಖಾನೆ ಇಟ್ಟಿರೋ ಟೊಯೋಟ ಕಂಪನಿಯ ಕೆಲಸದ ಪದ್ಧತಿಯಲ್ಲಿ ಒಂದು ಹಗ್ಗದ ಮಾತು ಬರುತ್ತೆ, ಅಂಡಾನ್ ಅಂತಾರೆ. ದೋಷ ಕಂಡ ಕೆಲಸಗಾರ ಯಾರೇ ಆಗಲಿ ಅದನ್ನು ಎಳೆಯಬಹುದು, ತಕ್ಷಣ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತೆ. ತಪ್ಪು ಕಾಣೋ ಜಾಗದಲ್ಲೇ ಅದನ್ನು ಹೇಳೋ ದಾರಿಯನ್ನೂ ಇಟ್ಟಿದ್ದಾರೆ. ಭಾಯ್ ಹೇಳಿದ್ದೂ ಅದನ್ನೇ.

ಈಗ ಹುಡುಗನ ತಕರಾರು. ಅವನನ್ನು ಸುಮ್ಮನೆ ಸೋಲಿಸಿ ಕೂರಿಸೋದು ನ್ಯಾಯವಲ್ಲ, ಯಾಕಂದರೆ ಅವನ ಮಾತಿನಲ್ಲಿ ಹುರುಳಿತ್ತು.

"ಮಾವ, ಈ ರಸ್ತೇಲಿ ಓಡೋ ಟೆಂಪೋ, ಟ್ರ್ಯಾಕ್ಟರ್ ಟ್ರೇಲರ್‌ಗಳ ಬ್ರೇಕ್ ಯಾರಾದ್ರೂ ನೋಡಿದಾರಾ? ಅವಕ್ಕೆ ಕಾಗದ ಅದೆ, ಬ್ರೇಕ್ ಇಲ್ಲ. ನನ್ನದಕ್ಕೆ ಬ್ರೇಕ್ ಅದೆ, ಕಾಗದ ಇಲ್ಲ. ಯಾವುದು ವಾಸಿ?"

ಕಾನೂನು ಅವನ ಪರವಾಗಿಲ್ಲ. ನಮ್ಮಲ್ಲಿ ಯಾವುದೇ ಮಾದರಿಯ ವಾಹನ ಮಾರಾಟಕ್ಕೆ ಬರೋ ಮುಂಚೆ ಅದರ ಮೊದಲ ನಮೂನೆಯನ್ನು ಸರ್ಕಾರ ಗೊತ್ತುಮಾಡಿದ ಸಂಸ್ಥೆ ಪರೀಕ್ಷೆ ಮಾಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಬಾರದು ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿಯೇ ಹೇಳಿತು. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ತಂದು ತೋರಿಸಿ, ತಪಾಸಣೆಯಲ್ಲಿ ಪಾಸಾದರೆ ನಂಬರು ಪಡೆಯೋ ವ್ಯವಸ್ಥೆ ಇದೆ. ನಮ್ಮ ಹುಡುಗನಂಥವರಿಗೆ ಇಲ್ಲಿ ಅಷ್ಟು ನೇರವಾದ ದಾರಿಯಿಲ್ಲ. ಇದು ಬೇಸರದ ವಿಷಯ ಅಂತ ನಾನೂ ಒಪ್ತೀನಿ. ಕೈಯಲ್ಲಿ ಕೆಲಸ ಇರೋ ಮಕ್ಕಳಿಗೆ "ತಂದು ತೋರಿಸು, ನೋಡೋಣ" ಅನ್ನೋ ಒಂದು ಬಾಗಿಲು ಇದ್ದಿದ್ದರೆ ಅವರ ಬ್ರೇಕುಗಳೂ ಇನ್ನಷ್ಟು ಚೆನ್ನಾಗಿರುತ್ತಿದ್ದವು.

ಆದರೆ ಅವನ ಹೋಲಿಕೆಯಲ್ಲಿ ಒಂದು ತೊಡಕಿದೆ. ಟೆಂಪೋದವನ ಬ್ರೇಕು ಕೆಟ್ಟಿರೋದರಿಂದ ಅಜ್ಜಿಗೆ ಇರೋ ಅಪಾಯ ಒಂದು. ಅದರ ಮೇಲೆ ನಮ್ಮದೂ ಸೇರಿದರೆ ಎರಡಾಗುತ್ತೆ. ಅವನ ತಪ್ಪು ನಮ್ಮದಕ್ಕೆ ರಿಯಾಯಿತಿ ಕೊಡೋದಿಲ್ಲ. ಕಾಗದದ ವಿಷಯಕ್ಕೆ ಬಂದರೆ, ಅವನು ಹೇಳಿದ್ದು ನಿಜ, ಕಾಗದ ಚಕ್ರವನ್ನು ಹಿಡಿಯೋದಿಲ್ಲ. ಆದರೆ ಕಾಗದದ ಹಿಂದಿನ ಆಸೆ ಒಳ್ಳೆಯದು. ಕಟ್ಟಿದವನಲ್ಲದ, ಪ್ರೀತಿಯಿಲ್ಲದ, ಓಲೆ ಅಡವಿಟ್ಟಿಲ್ಲದ ಯಾರೋ ಒಬ್ಬರು ಒಂದು ಸಲ ನೋಡಲಿ ಅನ್ನೋದು. ನಿಪ್ಪಲ್ ಕೆಳಗಿದೆ ಅಂತ ಎರಡು ವರ್ಷ ಅದರ ಜೊತೆಯೇ ಮಲಗೆದ್ದವನಿಗೆ ಕಾಣಲಿಲ್ಲ, ಐದು ನಿಮಿಷ ಕೂತ ಭಾಯ್‌ಗೆ ಕಂಡಿತು.

ಹಾಗಾದರೆ ಯಾವಾಗ "ಸಾಕು" ಅನ್ನೋದು? ಬಾಹಾ ಸ್ಪರ್ಧೆಯಲ್ಲಿ ಇದಕ್ಕೆ ಉತ್ತರ ಖಚಿತ. ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಸರಿ, ಓಡುತ್ತಿರೋವಾಗ ಬ್ರೇಕ್ ತುಳಿದರೆ ನಾಲ್ಕೂ ಚಕ್ರ ಲಾಕ್ ಆಗಬೇಕು. ಮೂರು ಆದರೆ ಸಾಲದು. ಒಂದು ಕಡೆ ಪೈಪು ಒಡೆದರೂ ಇನ್ನೊಂದು ಉಳಿಯೋ ಹಾಗೆ ಕನಿಷ್ಠ ಎರಡು ಬೇರೆ ಬೇರೆ ಆಯಿಲ್ ದಾರಿ ಇರಬೇಕು. ಅಲ್ಲಿ ಯಾರೂ "ಎಷ್ಟು ಕಷ್ಟಪಟ್ಟೆ?" ಅಂತ ಕೇಳೋದಿಲ್ಲ.

ನಮ್ಮ ಕೆಂಗಲ್ ಜಾತ್ರೆಯಲ್ಲೂ ಇಂಥದೇ ಒಂದು ಪರೀಕ್ಷೆ ನಡೆಯುತ್ತೆ. ಎತ್ತು ಕೊಳ್ಳೋಕೆ ಬಂದವನು ಬಾಯಿ ತೆರೆಸಿ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಡೆಸಿ ನೋಡ್ತಾನೆ. ಹಾಯೋ ಬುದ್ಧಿ ಇರೋ ಎತ್ತಾದರೆ ಮರ್ಯಾದಸ್ಥ ರೈತ ಮೊದಲೇ ಹೇಳ್ತಾನೆ, "ಎಡಗಡೆಯಿಂದ ಹೋಗ್ಬೇಡಿ, ಹಾಯ್ತದೆ." ಹೇಳಿದ ಮೇಲೆ ಕೊಂಡವನು ಆ ಗುಟ್ಟನ್ನೂ ಜೊತೆಗೆ ಕೊಂಡ ಹಾಗೆ. ಅಲ್ಲಿಗೆ ಮಾರಿದವನ ಋಣ ತೀರಿತು. ಬ್ರೇಕಿನ ಗುಟ್ಟನ್ನು ಹಾಗೆ ದಾಟಿಸೋಕಾಗೋದಿಲ್ಲ. "ಎರಡು ಸಲ ತುಳೀಬೇಕು" ಅಂತ ಕಾರು ಕೊಂಡವನಿಗೆ ಹೇಳಬಹುದು. ರಸ್ತೆ ದಾಟೋ ಅಜ್ಜಿಗೆ ಯಾರು ಹೇಳ್ತಾರೆ?

ಅದಕ್ಕೇ ನನಗೊಂದು ಅಳತೆಗೋಲು ಹೊಳೆಯಿತು. ಕಾರು ಕಟ್ಟಿದವನು "ಬೇಕಾದರೆ ನಾನೇ ಅದರ ಮುಂದೆ ನಿಲ್ತೀನಿ" ಅಂದರೆ ಅದು ಧೈರ್ಯ, ಪುರಾವೆ ಅಲ್ಲ. ಅವನು ಒಪ್ಪಿ ನಿಂತವನು. ಕೇಳಬೇಕಾದ್ದು ಇದು. ಈ ಕಾರಿನ ಕೀಯನ್ನು, ಡ್ರೈವಿಂಗ್ ಗೊತ್ತಿರೋ ಯಾರಿಗಾದರೂ, ಒಂದು ಮಾತೂ ಹೇಳದೆ ಕೊಡಬಹುದಾ? "ಅದೊಂದು ಸ್ವಲ್ಪ ನೋಡ್ಕೊಳಿ" ಅಂತ ಬಾಯಿಗೆ ಬಂದರೆ, ಆ "ಸ್ವಲ್ಪ" ಏನಿದೆಯೋ ಅದೇ ಬಾಕಿ ಉಳಿದ ಕೆಲಸ. ಈ ಅಳತೆಗೋಲು ಕಾರಿಗಷ್ಟೇ ಅಲ್ಲ. ಕರೆಂಟು ವೈರು ಎಳೆದವನು, ಬಾವಿಗೆ ಕಟ್ಟೆ ಕಟ್ಟಿದವನು, ಮಾತ್ರೆ ಬರೆದುಕೊಟ್ಟವನು, ಸೇತುವೆಗೆ ಸಹಿ ಹಾಕಿದವನು, ಎಲ್ಲರೂ ತಮ್ಮ ತಮ್ಮ ಕೀಯನ್ನು ಗೊತ್ತಿಲ್ಲದವರ ಕೈಗೆ ಕೊಡ್ತಾನೇ ಇರ್ತಾರೆ.

ಹುಡುಗನಿಗೆ ಜಾತ್ರೆಗೆ ಅದರಲ್ಲೇ ಹೋಗಬೇಕು, ಪಕ್ಕದಲ್ಲಿ ಅವ್ವನನ್ನು ಕೂರಿಸಿಕೊಂಡು ಗುಡಿಯ ಮುಂದೆ ಇಳಿಸಬೇಕು ಅನ್ನೋ ಆಸೆಯಿತ್ತು. ಎರಡು ವರ್ಷ ಅವನು ಬೆಸುಗೆ ಹಾಕಿದ್ದು ಆ ಒಂದು ಗಳಿಗೆಗಾಗಿ. ಬ್ರೇಕು ಸರಿಯಾದ ಮೇಲೂ ಕಾಗದವಿಲ್ಲದ ಕಾರು ರಸ್ತೆಗೆ ಇಳಿಯೋ ಹಾಗಿಲ್ಲ, ಅದೂ ಆ ಜನಜಂಗುಳಿಯಲ್ಲಿ. ಇದನ್ನು ಅವನಿಗೆ ಹೇಳೋದು ಸುಲಭವಾಗಿರಲಿಲ್ಲ. ಅವನು ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ಆಮೇಲೆ ತೋಪಿನಲ್ಲಿ ಸುಣ್ಣದ ಗೆರೆ ಎಳೆದು, ದಿನಾ ಸಂಜೆ ಒಂದೇ ವೇಗದಲ್ಲಿ ಬಂದು ಬ್ರೇಕ್ ಹಾಕಿ, ಗೆರೆಯಿಂದ ಎಷ್ಟು ದೂರಕ್ಕೆ ನಿಂತಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ. ತಣ್ಣಗಿದ್ದಾಗ ಇಷ್ಟು, ಹತ್ತು ಸಲ ಹಾಕಿ ಕಾದ ಮೇಲೆ ಇಷ್ಟು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಇಷ್ಟು.

ಜಾತ್ರೆಯ ದಿನ ಅಕ್ಕ ಗುಡಿಗೆ ಆಟೋದಲ್ಲಿ ಹೋಗಿ ಬಂದಳು. ಬಂದವಳು ತೋಪಿಗೆ ಹೋಗಿ, "ಎಲ್ಲಿ, ಒಂದ್ ಸುತ್ತು ಕರ್ಕೊಂಡ್ ಹೋಗು" ಅಂತ ಹತ್ತಿ ಕೂತಳಂತೆ. ಒಂದು ಸುತ್ತು ಮುಗಿಸಿ ಕೊಟ್ಟಿಗೆಯ ಮುಂದೆ ನಿಲ್ಲಿಸಿ ಇಳಿಯೋವಾಗ ಅವನ ತಮ್ಮ, ಲೈಸೆನ್ಸ್ ತೆಗೆದು ಇನ್ನೂ ಆರು ತಿಂಗಳಾಗದ ಹುಡುಗ, ಕೈ ಚಾಚಿದ: "ಅಣ್ಣ, ನಾನೂ ಒಂದು ರೌಂಡ್."

ಅವನು ಕೀ ಕೊಟ್ಟ. ಏನೂ ಹೇಳಲಿಲ್ಲವಂತೆ.